ರಾಯಚೂರಿನ ಮಾಳಿಗೆ ಮೇಲೆ ಬೇಸಿಗೆ ತೋಟ: ನೆರಳು ಚಪ್ಪರ, ಡ್ರಮ್ ಡ್ರಿಪ್, ಉಪ್ಪು ತೊಳೆಯುವ ಕೆಲಸ

ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡರ ಹೊತ್ತಿಗೆ ಮಾಳಿಗೆ ಮೇಲಿನ ಬದನೆ ಗಿಡ ಜೋತುಬಿದ್ದಿರುತ್ತದೆ. ಮಣ್ಣಿಗೆ ಬೆರಳು ತೂರಿಸಿದರೆ ಎರಡಿಂಚು ಕೆಳಗೆ ತೇವ ಹಾಗೇ ಇದೆ. ಆದರೂ ಮನಸ್ಸು ತಡೆಯದೆ ಮತ್ತೊಂದು ಚೊಂಬು ನೀರು ಹಾಕುವವರೇ ಹೆಚ್ಚು. ರಾಯಚೂರು, ಬಳ್ಳಾರಿ, ಕೊಪ್ಪಳ ಸೀಮೆಯಲ್ಲಿ ಬೇಸಿಗೆಗೆ ಕುಂಡದ ಗಿಡ ಸಾಯುವುದು ನೀರಿನ ಕೊರತೆಗಿಂತ ಬೇರೆ ಎರಡು ಕಾರಣಕ್ಕೆ: ಒಂದು, ಕಪ್ಪು ಚೀಲದೊಳಗೆ ಬೇರು ಬೇಯುವುದು; ಇನ್ನೊಂದು, ಬೋರ್ ನೀರಿನ ಉಪ್ಪು ಬೇರಿನ ಸುತ್ತ ಕಟ್ಟಿಕೊಳ್ಳುವುದು. ಇವೆರಡಕ್ಕೂ ಹೆಚ್ಚು ನೀರು ಸುರಿಯುವುದು ಮದ್ದಲ್ಲ. ಬೇರು ತಂಪಾಗಿರಬೇಕು, ಉಪ್ಪು ಹೊರಗೆ ಹೋಗಬೇಕು. ಈ ಕಟ್ಟುವಿಕೆಯ ಪ್ರತಿ ಹಂತವೂ ಈ ಎರಡು ಮಾತಿಗೆ ಬದ್ಧ.

ಕಟ್ಟುತ್ತಿರುವುದು ಇಷ್ಟು: 12 ಅಡಿ ಉದ್ದ, ಒಂಬತ್ತೂವರೆ ಅಡಿ ಅಗಲದ ನೆರಳು ಚಪ್ಪರ, ಅದರಡಿ 15×15 ಇಂಚಿನ 20 ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ), 200 ಲೀಟರಿನ ಒಂದು ಡ್ರಮ್, ಅದರಿಂದ ಪಂಪ್ ಇಲ್ಲದೆ ನಡೆಯುವ ಡ್ರಿಪ್ (ಹನಿ ನೀರಾವರಿ). ಶಿವರಾತ್ರಿ ಹೊತ್ತಿಗೆ ಚಪ್ಪರ ಎದ್ದಿರಬೇಕು. ಯುಗಾದಿ ಕಳೆದ ಮೇಲೆ ಶುರು ಮಾಡಿದರೆ ಗಿಡಕ್ಕೆ ಹೊಂದಿಕೊಳ್ಳಲು ಸಮಯ ಸಿಗುವುದಿಲ್ಲ.

ಮೊದಲು ಭಾರ

15×15 ಇಂಚಿನ ಚೀಲದಲ್ಲಿ ಮೇಲೆ ಎರಡಿಂಚು ಬಿಟ್ಟು ತುಂಬಿದರೆ ಸುಮಾರು 37 ಲೀಟರ್ ಮಿಶ್ರಣ ಹಿಡಿಯುತ್ತದೆ. ನೀರು ಕುಡಿದ ಮೇಲೆ ಒಂದೊಂದು ಚೀಲ 40 ಕಿಲೋ ಹತ್ತಿರ ತೂಗುತ್ತದೆ. 20 ಚೀಲಕ್ಕೆ 800 ಕಿಲೋ, ಚಪ್ಪರದ ಬುಡದ ಕಾಂಕ್ರೀಟ್ ಸುಮಾರು 200 ಕಿಲೋ. ಒಟ್ಟು ಒಂದು ಟನ್, ಚದರ ಮೀಟರಿಗೆ 95 ಕಿಲೋ. ಜನ ಓಡಾಡುವ ಆರ್‌ಸಿಸಿ ಮಾಳಿಗೆಗೆ ಭಾರತೀಯ ಮಾನಕದಲ್ಲಿ (ಐಎಸ್ 875) ಚದರ ಮೀಟರಿಗೆ 150 ಕಿಲೋ ಹೊರೆ ಹಿಡಿಯುತ್ತಾರೆ. ಹಾಗಾಗಿ ಒಳ್ಳೆಯ ಸ್ಲ್ಯಾಬ್ ಇದ್ದರೆ ತೊಂದರೆ ಇಲ್ಲ, ಆದರೂ ಚೀಲಗಳ ಸಾಲು ಗೋಡೆ ಅಥವಾ ಬೀಮಿನ ಮೇಲೆ ಬರಲಿ. ಡ್ರಮ್ ಮಾತ್ರ 200 ಕಿಲೋ ಭಾರವನ್ನು ಎರಡಡಿ ಜಾಗದಲ್ಲಿ ಇಳಿಸುತ್ತದೆ, ಅದು ಕಾಲಂ ಅಥವಾ ಗೋಡೆಯ ನೇರಕ್ಕೇ ಇರಬೇಕು. ಮಣ್ಣಿನ ಮಾಳಿಗೆ, ಫರಸಿ ಕಲ್ಲು ಹಾಸಿದ ಹಳೆ ಮಾಳಿಗೆ, ಕಬ್ಬಿಣ ತುಕ್ಕು ಹಿಡಿದು ಉಬ್ಬಿದ ಸ್ಲ್ಯಾಬ್ ಇದ್ದರೆ ಈ ಕೆಲಸ ಮೇಲೆ ಬೇಡ, ಅಂಗಳದಲ್ಲಿ ಮಾಡಿ.

ಚಪ್ಪರ

ರಾಯಚೂರು ಇರುವುದು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಮೊದಲ ವಾರದಲ್ಲಿ ನಡುಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ನೇರಕ್ಕೆ ಬರುತ್ತಾನೆ. ಆಗ ಯಾವ ಗೋಡೆಯ ನೆರಳೂ ಗಿಡಕ್ಕೆ ಸಿಗುವುದಿಲ್ಲ, ಮೇಲಿನ ಹೊದಿಕೆಯೇ ಗತಿ. ಸಂಜೆ ಸೂರ್ಯ ಮುಳುಗುವುದೂ ಸರಿಯಾದ ಪಡುವಣಕ್ಕಲ್ಲ, ವಾಯವ್ಯದ ಕಡೆ ಸರಿದು. ಮಧ್ಯಾಹ್ನ ಎರಡರಿಂದ ಐದರವರೆಗಿನ ಓರೆ ಬಿಸಿಲೇ ಚೀಲದ ಪಕ್ಕಕ್ಕೆ ಬಡಿದು ಬೇರು ಬೇಯಿಸುವುದು. ಆದ್ದರಿಂದ ನೆಟ್ ಮೇಲೆ ಪೂರ್ತಿ, ಪಡುವಣಕ್ಕೆ ಆರು ಅಡಿ ಪರದೆ, ಉತ್ತರ ಬದಿಯಲ್ಲಿ ಪಡುವಣ ಮೂಲೆಗೆ ಐದು ಅಡಿ ಅಗಲದ ತುಂಡು. ಮೂಡಣ ಮತ್ತು ತೆಂಕಣ ತೆರೆದೇ ಇರಲಿ. ನಾಲ್ಕೂ ಕಡೆ ಮುಚ್ಚಿದರೆ ಗಾಳಿ ನಿಂತು ಒಳಗೆ ಹೊರಗಿಗಿಂತ ಹೆಚ್ಚು ಝಳ ಕೂಡುತ್ತದೆ, ಜೊತೆಗೆ ಬಿಳಿನೊಣ ಮನೆ ಮಾಡುತ್ತದೆ.

ನೆಟ್ 50 ಪರ್ಸೆಂಟಿನದು (ಅರ್ಧ ಬಿಸಿಲು ತಡೆಯುವುದು), ಯುವಿ ಸ್ಟೆಬಿಲೈಸ್ಡ್ ಎಂದು ಬರೆದಿರುವುದು, 3 ಮೀಟರ್ ಅಗಲ, 7 ಮೀಟರ್ ಉದ್ದ. 75 ಪರ್ಸೆಂಟಿನ ನೆಟ್ ಸಸಿ ಮಡಿಗೆ ಸರಿ. ಕಾಯಿ ಬಿಡುವ ಗಿಡ ಅದರಡಿ ಉದ್ದಕ್ಕೆ ಬೆಳೆದು ಹೂವು ಕಟ್ಟುವುದಿಲ್ಲ. ಚೌಕಟ್ಟು ಹತ್ತಡಿ ಇಡದೆ ಒಂಬತ್ತೂವರೆ ಇಡುವುದು ಇದೇ ನೆಟ್ಟಿನ ಕಾರಣಕ್ಕೆ: 3 ಮೀಟರ್ ಅಂದರೆ ಹತ್ತಡಿಗೆ ಎರಡಿಂಚು ಕಡಿಮೆ, ಅಂಚು ಮಡಚಲು ಜಾಗವೂ ಬೇಕು.

ಕಂಬಕ್ಕೆ ಒಂದೂಕಾಲು ಇಂಚಿನ ಜಿಐ ಪೈಪು 20 ಅಡಿಯವು ಎರಡು ಸಾಕು, ನಾಲ್ಕು ಎಂಟಡಿ ತುಂಡು ಬರುತ್ತವೆ. ಮೇಲಿನ ಚೌಕಟ್ಟಿಗೆ ಒಂದಿಂಚಿನ ಪೈಪು ನಾಲ್ಕು: 12 ಅಡಿಯ ಎರಡು, ಒಂಬತ್ತೂವರೆ ಅಡಿಯ ಮೂರು (ಒಂದು ನಡುವಿಗೆ). ಉಳಿದ ಎಂಟಡಿಯ ಎರಡು ತುಂಡನ್ನು ಅರ್ಧ ಮಾಡಿದರೆ ನಾಲ್ಕು ಮೂಲೆಗೂ ಓರೆ ಆಸರೆ ಆಗುತ್ತವೆ. ಕೊನೆಯ ಹತ್ತಡಿ ತುಂಡು ಪಡುವಣ ಪರದೆಯ ಕೆಳ ಅಂಚಿಗೆ ಭಾರವಾಗಿ ಹೋಗುತ್ತದೆ. ಹೀಗೆ ಲೆಕ್ಕ ಹಾಕಿ ತಂದರೆ ತುಂಡು ವ್ಯರ್ಥವಾಗುವುದು ಬಲು ಕಡಿಮೆ. ಜೋಡಣೆಗೆ 8 ಎಂಎಂ ಬೋಲ್ಟ್; ವೆಲ್ಡಿಂಗ್ ಮಾಡಿಸಿದರೆ ಸುಟ್ಟ ಜಾಗಕ್ಕೆ ಜಿಂಕ್ ಪೇಂಟ್ ಬಳಿಯಲೇಬೇಕು, ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಶುರು.

ಕಂಬಕ್ಕಾಗಿ ಸ್ಲ್ಯಾಬ್ ಕೊರೆಯಬೇಡಿ, ಮಳೆಗಾಲದಲ್ಲಿ ಸೋರುತ್ತದೆ. 20 ಲೀಟರಿನ ಖಾಲಿ ಪೇಂಟ್ ಬಕೆಟ್ಟಿನಲ್ಲಿ ಕಂಬ ನಿಲ್ಲಿಸಿ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ತುಂಬಿ. ಕಂಬದ ಬುಡಕ್ಕೆ ಅಡ್ಡ ತೂತು ಹಾಕಿ ಆರಿಂಚಿನ ಕಬ್ಬಿಣದ ಸರಳು ತೂರಿಸಿದರೆ ಕಾಂಕ್ರೀಟಿನಲ್ಲಿ ಕಂಬ ತಿರುಗುವುದಿಲ್ಲ. ಒಂದೊಂದು ಬಕೆಟ್ 48 ಕಿಲೋ ಆಗುತ್ತದೆ. ಏಳು ದಿನ ನೀರು ಹಾಕಿ ಗಟ್ಟಿಯಾದ ಮೇಲೆ ಚೌಕಟ್ಟು ಕಟ್ಟಿ.

ನೆಟ್ ಹರಿಯುವುದು ಬಿಸಿಲಿಗಿಂತ ಕಟ್ಟಿದ ರೀತಿಯಿಂದ. ಬೈಂಡಿಂಗ್ ವೈರು ನೆಟ್ಟಿನ ಎಳೆ ಕೊಯ್ಯುತ್ತದೆ. ಬಿಳಿ ಕೇಬಲ್ ಟೈ ಒಂದು ಬೇಸಿಗೆಗೆ ಪುಡಿಪುಡಿ, ಕಪ್ಪು ಟೈ ತಡೆಯುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಹಳೆ ಸೈಕಲ್ ಟ್ಯೂಬಿನ ಅರ್ಧ ಇಂಚಿನ ಪಟ್ಟಿ. ಅಂಚನ್ನು ಎರಡು ಸಲ ಮಡಚಿ, ಒಂದೊಂದು ಅಡಿಗೆ ಒಂದು ಗಂಟು. ಅಡ್ಡ ಮಳೆಯ (ಮುಂಗಾರಿಗೆ ಮುಂಚಿನ ಬೇಸಿಗೆ ಮಳೆ) ಬಿರುಗಾಳಿಗೆ ರಬ್ಬರ್ ಹಿಗ್ಗಿ ಸಡಿಲ ಬಿಡುತ್ತದೆ, ಮತ್ತೂ ಜೋರಾದರೆ ಟ್ಯೂಬ್ ಹರಿದು ನೆಟ್ ಹಾರುತ್ತದೆ; ಚೌಕಟ್ಟು ಉಳಿಯುತ್ತದೆ. ಆಗಬೇಕಾದದ್ದೂ ಅದೇ. ನೆಟ್ ನಡುವೆ ಜೋಲದಂತೆ 12 ಗೇಜಿನ ಜಿಐ ತಂತಿಯ ಮೂರು ಎಳೆ ಎಳೆಯಿರಿ. ಮೋಡ ಕಟ್ಟಿದ ಸಂಜೆ ಪಡುವಣ ಪರದೆಯನ್ನು ಸುತ್ತಿ ಮೇಲಕ್ಕೆ ಕಟ್ಟುವುದು ಮರೆಯಬಾರದು, ಗಾಳಿ ಹಿಡಿಯುವುದು ಅದೇ.

ಚೀಲ ಕೂರಿಸುವುದು

ಚೀಲ ನೇರವಾಗಿ ಸ್ಲ್ಯಾಬಿನ ಮೇಲೆ ಕೂತರೆ ಹಗಲಿಡೀ ಕಾದ ಸ್ಲ್ಯಾಬ್ ರಾತ್ರಿ ಬಹಳ ಹೊತ್ತಿನವರೆಗೂ ತಳವನ್ನು ಬಿಸಿ ಮಾಡುತ್ತದೆ. ಎರಡೆರಡು ಇಟ್ಟಿಗೆಯ ಮೇಲೆ ಎತ್ತಿ ಇಟ್ಟರೆ ಮೂರು ಇಂಚು ಗಾಳಿ ಆಡುತ್ತದೆ, ತಳದ ತೂತೂ ಕಟ್ಟುವುದಿಲ್ಲ. ಚಪ್ಪರದಡಿಯ ಸ್ಲ್ಯಾಬಿಗೆ ಎರಡು ಕೋಟ್ ಸುಣ್ಣ ಬಳಿಯಿರಿ.

ಚೀಲಗಳನ್ನು ಬಿಡಿಬಿಡಿಯಾಗಿ ಹರಡಬೇಡಿ. ಎರಡೆರಡು ಸಾಲಾಗಿ ಒತ್ತಿ ಇಟ್ಟರೆ ಒಂದಕ್ಕೊಂದು ನೆರಳಾಗುತ್ತವೆ. ಪಡುವಣಕ್ಕೆ ತೆರೆದ ಚೀಲಗಳಿಗೆ ಗೋಣಿತಟ್ಟು ಎರಡು ಸುತ್ತು ಸುತ್ತಿ, ಸುತ್ತಿಗೂ ಚೀಲಕ್ಕೂ ನಡುವೆ ಒಂದು ಹಿಡಿ ನೆಲ್ಲುಹುಲ್ಲು ತುರುಕಿ. ಪರೀಕ್ಷೆ ಸುಲಭ: ಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರನ್ನು ಮಧ್ಯಾಹ್ನ ಮೂರಕ್ಕೆ ಚೀಲದ ಪಡುವಣ ಅಂಚಿನಿಂದ ಎರಡಿಂಚು ಒಳಗೆ, ನಾಲ್ಕಿಂಚು ಆಳಕ್ಕೆ ಚುಚ್ಚಿ. 35 ಡಿಗ್ರಿ ಒಳಗಿದ್ದರೆ ಒಳ್ಳೆಯದು. 40 ದಾಟಿದರೆ ಆ ಬದಿಯ ಎಳೆ ಬೇರು ನೀರೆಳೆಯುವುದನ್ನು ನಿಲ್ಲಿಸುತ್ತಿದೆ ಎಂದೇ ತಿಳಿಯಿರಿ. ಸತ್ತ ಗಿಡ ಕಿತ್ತು ನೋಡಿದಾಗ ಒಂದೇ ಬದಿಯ ಬೇರು ಕಂದು ಬಣ್ಣಕ್ಕೆ ತಿರುಗಿ ಸಿಪ್ಪೆ ಜಾರುತ್ತಿದ್ದರೆ ಅದು ಬೆಂದ ಬೇರು. ಇಡೀ ಬೇರು ಕಪ್ಪಾಗಿ ನಾರುತ್ತಿದ್ದರೆ ಅದು ನೀರು ಹೆಚ್ಚಾಗಿ ಕೊಳೆತದ್ದು.

ನೀರು ಬೇಕೋ ಬೇಡವೋ ಎಂದು ತಿಳಿಯಲು ಮಧ್ಯಾಹ್ನದ ಎಲೆ ನೋಡಬೇಡಿ. ಎರಡು ಗಂಟೆಗೆ ಬಾಡಿ, ಸಂಜೆ ಏಳಕ್ಕೆ ತಾನಾಗಿ ಎದ್ದು ನಿಂತರೆ ಗಿಡ ಚೆನ್ನಾಗಿದೆ. ಬೆಳಿಗ್ಗೆ ಆರಕ್ಕೂ ಬಾಡಿದ್ದರೆ ಮಾತ್ರ ಏನೋ ಕೆಟ್ಟಿದೆ.

ಮೇಲ್ಮೈಗೆ ಎರಡೂವರೆ ಇಂಚು ನೆಲ್ಲುಹುಲ್ಲು ಅಥವಾ ಶೇಂಗಾ ಹೊಟ್ಟು. ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ನೆಲ್ಲುಹುಲ್ಲಿಗೆ ಬರವಿಲ್ಲ. ಕಾಂಡದಿಂದ ಎರಡಿಂಚು ದೂರವಿರಲಿ, ತಾಗಿದರೆ ಕಾಂಡದ ಬುಡ ಕೊಳೆಯುತ್ತದೆ.

ಮಣ್ಣು

ಎರಿ (ಕಪ್ಪು) ಮಣ್ಣು ಹೊಲಕ್ಕೆ ಚಿನ್ನ, ಚೀಲಕ್ಕೆ ಶತ್ರು. ಒದ್ದೆಯಾದಾಗ ಉಬ್ಬಿ ಗಾಳಿ ತಡೆಯುತ್ತದೆ, ಒಣಗಿದಾಗ ಚೀಲದ ಗೋಡೆ ಬಿಟ್ಟು ಸರಿದು ಬಿರುಕು ಬಿಡುತ್ತದೆ. ಹಾಕಿದ ನೀರೆಲ್ಲ ಆ ಬಿರುಕಿನಲ್ಲೇ ಇಳಿದು ತಳದ ತೂತಿಂದ ಹೊರಗೆ. ಮಸಾರಿ (ಕೆಂಪು) ಮಣ್ಣು ತರಿಸಿ. 20 ಲೀಟರ್ ಬಕೆಟ್ ಲೆಕ್ಕದಲ್ಲಿ: ಮಸಾರಿ 15, ಹಳೆಯ ತಿಪ್ಪೆ ಗೊಬ್ಬರ ಅಥವಾ ಎರೆಗೊಬ್ಬರ 9, ನೆನೆಸಿದ ಕೋಕೋಪೀಟ್ 9 (ಐದು ಕಿಲೋದ ಮೂರು ಇಟ್ಟಿಗೆ), ಕರಿಯಾಗಿ ಸುಟ್ಟ ನೆಲ್ಲಿನ ಹೊಟ್ಟು 4. ಚೀಲಕ್ಕೆ ನೂರು ಗ್ರಾಂ ಬೇವಿನ ಹಿಂಡಿ ಸೇರಲಿ. ಒಂದು ತಿಂಗಳಲ್ಲಿ ಮಿಶ್ರಣ ಎರಡಿಂಚು ಕುಸಿಯುತ್ತದೆ, ಎರೆಗೊಬ್ಬರದಿಂದ ತುಂಬಿ.

ಇಲ್ಲಿ ಎರಡು ಕಡೆ ಎಡವುವುದುಂಟು. ಕೋಕೋಪೀಟಿನಲ್ಲೇ ಉಪ್ಪಿರುತ್ತದೆ, ನಳದ ಸಿಹಿ ನೀರಲ್ಲಿ ಮೂರು ಸಲ ನೆನೆಸಿ ಹಿಂಡದೆ ಬಳಸಬಾರದು. ಹಿಂಡಿದ ನೀರಿಗೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಉಪ್ಪು ಅಳೆಯುವುದು) ಹಿಡಿದು, ನಳದ ನೀರಿಗಿಂತ 200ಕ್ಕೂ ಹೆಚ್ಚಿದ್ದರೆ ಮತ್ತೊಮ್ಮೆ ತೊಳೆಯಿರಿ. ಇನ್ನೊಂದು, ರೈಸ್ ಮಿಲ್ಲಿನ ಬಾಯ್ಲರ್ ಬೂದಿ. ಪುಕ್ಕಟೆ ಸಿಗುತ್ತದೆಂದು ಬಿಳಿ ಬೂದಿ ಸುರಿದರೆ ಮಣ್ಣಿನ ಕ್ಷಾರ ಏರುತ್ತದೆ, ಕಬ್ಬಿಣ ಗಿಡಕ್ಕೆ ಸಿಗದೆ ಹೋಗುತ್ತದೆ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು, ಇದು ಅದರ ಗುರುತು. ಆಗ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ.

ಡ್ರಮ್ ಮತ್ತು ಡ್ರಿಪ್

ನೀಲಿ ಡ್ರಮ್ಮನ್ನು ನಾಲ್ಕಡಿ ಎತ್ತರದ ಆ್ಯಂಗಲ್ ಸ್ಟ್ಯಾಂಡ್ ಮೇಲೆ ಇಡಿ. ತಳದಿಂದ ಎರಡಿಂಚು ಮೇಲೆ ಮುಕ್ಕಾಲು ಇಂಚಿನ ಟ್ಯಾಂಕ್ ನಿಪ್ಪಲ್, ನಂತರ ಬಾಲ್ ವಾಲ್ವ್, ನಂತರ 120 ಮೆಶ್ ಸ್ಕ್ರೀನ್ ಫಿಲ್ಟರ್, ಅಲ್ಲಿಂದ ಡ್ರಿಪ್ಪರ್ ಕೂರುವ 16 ಎಂಎಂ ಪೈಪು (ಲ್ಯಾಟರಲ್). ತಳದ ಎರಡಿಂಚು ಕೆಸರು ಕೂರುವ ಜಾಗ. ಡ್ರಮ್ಮಿಗೆ ಬಿಳಿ ಬಣ್ಣ ಬಳಿದು ಬಾಯಿ ಬಿಗಿಯಾಗಿ ಮುಚ್ಚಿ, ಬೆಳಕು ಹೋದರೆ ಪಾಚಿ, ಸಂದು ಉಳಿದರೆ ಡೆಂಗಿ ಸೊಳ್ಳೆ.

ಅಂಗಡಿಯಲ್ಲಿ ಪ್ರೆಶರ್ ಕಾಂಪೆನ್ಸೇಟಿಂಗ್ (ಒತ್ತಡ ಏರಿಳಿದರೂ ಒಂದೇ ಸಮ ನೀರು ಬಿಡುವ) ಡ್ರಿಪ್ಪರ್ ಕೊಡಲು ಬರುತ್ತಾರೆ, ಅದು ಬೇಡ. ಅದಕ್ಕೆ ಪಂಪಿನ ಒತ್ತಡ ಬೇಕು. ಒಂದು ಮೀಟರ್ ಎತ್ತರದ ನೀರು ಕೊಡುವುದು ಬರೀ 0.1 ಬಾರ್. ಗಂಟೆಗೆ 8 ಲೀಟರಿನ ಸಾದಾ ಡ್ರಿಪ್ಪರ್ ತನ್ನಿ, ಚೀಲಕ್ಕೊಂದು. 4 ಲೀಟರಿನ ಎರಡು ಹಾಕಿದರೆ ನೀರು ಚೆನ್ನಾಗಿ ಹರಡುವುದು ನಿಜ, ಆದರೆ ಅದರ ಸಂದು ಸಣ್ಣದು, ನಮ್ಮ ಗಡಸು ನೀರಿಗೆ ಬೇಗ ಕಟ್ಟುತ್ತದೆ. ಈ ಸೀಮೆಗೆ ಅಗಲ ಸಂದಿನದೇ ಲೇಸು.

8 ಲೀಟರ್ ಎಂಬುದು 1 ಬಾರ್ ಒತ್ತಡದ ಮಾತು. ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ. ಡ್ರಮ್ ತುಂಬಿದಾಗ ಡ್ರಿಪ್ಪರಿಗಿಂತ ನೀರಿನ ಮಟ್ಟ 1.6 ಮೀಟರ್ ಮೇಲಿರುತ್ತದೆ, ಆಗ ಗಂಟೆಗೆ 3.2 ಲೀಟರ್, ಖಾಲಿಯಾಗುವ ಹೊತ್ತಿಗೆ 0.8 ಮೀಟರ್, ಆಗ 2.3 ಲೀಟರ್. ಒಂದೇ ಮುಕ್ಕಾಲು ಗಂಟೆ ವಾಲ್ವ್ ತೆರೆದರೂ ಸೋಮವಾರ ಸಿಕ್ಕಷ್ಟು ನೀರು ಗುರುವಾರ ಗಿಡಕ್ಕೆ ಸಿಗುವುದಿಲ್ಲ. ಡ್ರಮ್ಮನ್ನು ದಿನವೂ ತುಂಬಿಸಿ, ಇಲ್ಲವೇ ಗಡಿಯಾರ ಬಿಟ್ಟು ಡ್ರಮ್ಮಿನ ಪಕ್ಕ 40 ಲೀಟರಿಗೊಂದು ಗೆರೆ ಎಳೆದು ಗೆರೆಯಿಂದ ಗೆರೆಗೆ ಬಿಡಿ. ಗೆರೆಯ ಉಪಾಯವೇ ಹೆಚ್ಚು ನಂಬಿಕೆಯದು. ಟೈಮರ್ ಹಾಕುವುದಾದರೆ ಒಳಗೆ ಬಾಲ್ ವಾಲ್ವ್ ಇರುವುದನ್ನೇ ಕೇಳಿ. ಸೊಲೆನಾಯ್ಡ್ (ವಿದ್ಯುತ್ ಅಯಸ್ಕಾಂತದ ವಾಲ್ವ್) ಟೈಮರ್ ಇಷ್ಟು ಕಡಿಮೆ ಒತ್ತಡಕ್ಕೆ ತೆರೆಯುವುದೇ ಇಲ್ಲ.

ಬೆಳೆದ ಬದನೆ, ಬೆಂಡೆಗೆ ಏಪ್ರಿಲ್–ಮೇನಲ್ಲಿ ದಿನಕ್ಕೆ ಎರಡು ಲೀಟರ್ ಬೇಕು, ಸೊಪ್ಪಿಗೆ ಒಂದು ಸಾಕು. ಪೈಪು ಎಳೆದ ದಿನವೇ ಪ್ರತಿ ಡ್ರಿಪ್ಪರಿನಡಿ ಲೋಟ ಇಟ್ಟು 15 ನಿಮಿಷ ಅಳೆಯಿರಿ. ಸುಮಾರು 700 ಮಿಲೀ ಬರಬೇಕು, ಮೊದಲಿನದಕ್ಕೂ ಕೊನೆಯದಕ್ಕೂ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇದ್ದರೆ ಪೈಪು ಎಲ್ಲೋ ಗೂನು ಎದ್ದು ಗಾಳಿ ಹಿಡಿದಿದೆ. ಕೊನೆಯ ಎಂಡ್ ಕ್ಯಾಪ್ ಬಿಚ್ಚಿ ನೀರು ಧಾರೆಯಾಗಿ ಬರುವವರೆಗೆ ಹರಿಸಿ.

ನೀರು ಬಿಡುವ ಹೊತ್ತು ಬೆಳಗಿನ ಐದೂವರೆ–ಆರು. ಬಿಸಿಲಲ್ಲಿ ಬಿದ್ದ 16 ಎಂಎಂ ಪೈಪಿನ ಹತ್ತು ಮೀಟರಿನಲ್ಲಿ ಒಂದೂವರೆ ಲೀಟರ್ ನೀರು ನಿಂತಿರುತ್ತದೆ. ಮಧ್ಯಾಹ್ನ ವಾಲ್ವ್ ತೆರೆದರೆ ಕೈ ಇಡಲಾಗದಷ್ಟು ಕಾದ ಆ ನೀರೇ ಮೊದಲು ಬೇರಿಗೆ ಬೀಳುತ್ತದೆ. ಪೈಪನ್ನು ಹುಲ್ಲಿನಡಿ ಎಳೆಯಿರಿ. ಮೇಲಿನ ಟ್ಯಾಂಕಿನ ನೀರೂ ಸಂಜೆಯವರೆಗೆ ಕಾದಿರುತ್ತದೆ, ಡ್ರಮ್ ತುಂಬುವುದು ರಾತ್ರಿ ಮಲಗುವ ಮುನ್ನ.

ಉಪ್ಪು

ಟಿಡಿಎಸ್ ಮೀಟರ್ ಇಲ್ಲದೆ ಈ ಊರಲ್ಲಿ ಕುಂಡ ಕೃಷಿ ಮಾಡಬಾರದು ಎನ್ನುವಷ್ಟು ಇದು ಮುಖ್ಯ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಲೆಕ್ಕದಲ್ಲಿ 450 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ ಉಪ್ಪು) ಒಳಗಿನ ನೀರು ಯಾವ ಬೆಳೆಗೂ ಸರಿ, 450ರಿಂದ 2000 ಜಾಗ್ರತೆಯಿಂದ ಬಳಸಬಹುದು, 2000 ದಾಟಿದರೆ ಬೇಡ. ನಳದಲ್ಲಿ ಬರುವ ಕೃಷ್ಣಾ, ತುಂಗಭದ್ರಾ ನೀರಿಗೂ ಮನೆಯ ಬೋರಿಗೂ ಮೀಟರ್ ಹಿಡಿದು ನೋಡಿ, ನಡುವಿನ ಅಂತರವೇ ಎಲ್ಲ ಹೇಳುತ್ತದೆ.

1000 ಪಿಪಿಎಂ ನೀರಿನ ಎರಡು ಲೀಟರ್ ಹಾಕಿದರೆ ಎರಡು ಗ್ರಾಂ ಉಪ್ಪು ಹಾಕಿದ ಹಾಗೆ. ಗಿಡ ನೀರು ಎಳೆಯುತ್ತದೆ, ಉಪ್ಪಿನ ಬಹುಪಾಲು ಚೀಲದಲ್ಲೇ ಬಿಡುತ್ತದೆ. ತಿಂಗಳಿಗೆ 60 ಗ್ರಾಂ. ಚೀಲದ ಹೊರಮೈಯಲ್ಲಿ ಬಿಳಿ ಹೊಪ್ಪಳೆ, ಹಳೆಯ ಎಲೆಯ ಅಂಚು ಕಾಗದದ ಹಾಗೆ ಒಣಗುವುದು, ತುದಿಯಿಂದ ಒಳಕ್ಕೆ ಸುಡುತ್ತ ಬರುವುದು, ಇವು ಅದರ ಲಕ್ಷಣ. ಮದ್ದು: ಟೊಮೇಟೊದಂಥ ಬೆಳೆಗೆ 1000 ಪಿಪಿಎಂ ನೀರಾದರೆ ಹಾಕಿದ್ದರಲ್ಲಿ ಏಳರಲ್ಲಿ ಒಂದು ಪಾಲು ತಳದಿಂದ ಹೊರಬರಲೇಬೇಕು. ಎರಡೂಕಾಲು ಲೀಟರ್ ಹಾಕಿದರೆ 300 ಮಿಲೀ. ವಾರಕ್ಕೊಮ್ಮೆ ಒಂದು ಚೀಲದಡಿ ತಟ್ಟೆ ಇಟ್ಟು ಅಳೆಯಿರಿ, ಆ ನೀರಿಗೆ ಮೀಟರನ್ನೂ ಹಿಡಿಯಿರಿ. ಹಾಕಿದ ನೀರಿನ ಮೂರು ಪಟ್ಟಿಗಿಂತ ಹೆಚ್ಚು ತೋರಿಸಿದರೆ ಪೂರ್ತಿ ತೊಳೆಯುವ ಸಮಯ: ಸಿಹಿ ನೀರನ್ನು ಚೀಲದ ಎರಡು ಪಟ್ಟು, ಅಂದರೆ 75 ಲೀಟರ್, ಒಂದೇ ಸಲ ಸುರಿಯದೆ ಹತ್ತು ಲೀಟರಿನಂತೆ ನಿಧಾನ ಬಿಡುತ್ತ ಹೋಗಿ. ಗೊಬ್ಬರವೂ ತೊಳೆದುಹೋಗುವುದರಿಂದ ಮೂರನೇ ದಿನ ಎರಡು ಹಿಡಿ ಎರೆಗೊಬ್ಬರ ಹಾಕಿ.

ನೀರು ಉಳಿಸುವ ಒಳ್ಳೆ ಮನಸ್ಸಿನಿಂದಲೇ ಎರಡು ಕೆಟ್ಟ ನೀರು ಗಿಡಕ್ಕೆ ಬರುತ್ತವೆ. ಆರ್‌ಒ ಮಶಿನ್ ಹೊರಬಿಡುವ ನೀರು ಒಂದು: ಮೂರು ಲೀಟರಿನಲ್ಲಿ ಒಂದು ಲೀಟರ್ ಕುಡಿಯಲು ಹೋದರೆ ಮೂರರ ಉಪ್ಪು ಉಳಿದ ಎರಡರಲ್ಲಿರುತ್ತದೆ, 1200 ಇದ್ದದ್ದು 1750 ದಾಟುತ್ತದೆ. ಕೂಲರ್ ತೊಟ್ಟಿಯ ತಳದ ನೀರು ಇನ್ನೊಂದು. ಅದು ದಿನವಿಡೀ ಆವಿಯಾಗಿ ಉಳಿದದ್ದು, ಇನ್ನೂ ಕೆಟ್ಟದ್ದು. ಇವೆರಡನ್ನೂ ನೆಲ ಒರೆಸಲು ಇಟ್ಟುಕೊಳ್ಳಿ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಮಾತ್ರ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ, ಸಸಿಗಳಿಗೆ ಅದನ್ನು ಕೂಡಿಡಿ.

ಒಂದು ಸೂಕ್ಷ್ಮ. ಡ್ರಿಪ್ಪಿನ ತೇವದ ಅಂಚಿಗೆ ಉಪ್ಪು ತಳ್ಳಲ್ಪಟ್ಟು ಉಂಗುರದಂತೆ ಕೂತಿರುತ್ತದೆ. ಅಡ್ಡ ಮಳೆಯ ನಾಲ್ಕು ಹನಿ ಬಿದ್ದರೆ ಅದು ಕರಗಿ ಬೇರಿನ ನಡುವಿಗೆ ಇಳಿಯುತ್ತದೆ, ಮರುದಿನ ಎಲೆ ಸುಡುತ್ತದೆ. ಮಳೆ ಬಂತೆಂದು ಅಂದು ಡ್ರಿಪ್ ನಿಲ್ಲಿಸಬೇಡಿ, ಅಂದೇ ಅರ್ಧ ಗಂಟೆ ಹೆಚ್ಚು ಬಿಡಿ.

ರಿಪೇರಿ

ಇಪ್ಪತ್ತರಲ್ಲಿ ಒಂದೇ ಗಿಡ ಬೆಳಿಗ್ಗೆ ಬಾಡಿದೆ ಎಂದರೆ ಡ್ರಿಪ್ಪರ್ ಕಟ್ಟಿದೆ. ಬಿಚ್ಚಿದರೆ ಒಳಗೆ ಬಿಳಿ ಕಲ್ಲಿನಂಥ ಪದರ ಕಾಣುತ್ತದೆ, ಅದು ಬೋರ್ ನೀರಿನ ಸುಣ್ಣ. ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು ಕರಗಿಸಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೊಳೆಯಿರಿ. ಪಿನ್ನಿನಿಂದ ಚುಚ್ಚಬೇಡಿ, ಸಂದು ಹಿಗ್ಗಿ ಅದೊಂದೇ ಹೆಚ್ಚು ನೀರು ಬಿಡತೊಡಗುತ್ತದೆ. ಐದಾರು ಡ್ರಿಪ್ಪರ್ ಹೆಚ್ಚುವರಿ ಇಟ್ಟುಕೊಂಡರೆ ನೆನೆಯುವಷ್ಟು ಹೊತ್ತು ಗಿಡ ಕಾಯಬೇಕಿಲ್ಲ. ಹಸಿರು ಲೋಳೆ ಇದ್ದರೆ ಅದು ಪಾಚಿ, ಅದಕ್ಕೆ ಬ್ಲೀಚಿಂಗ್ ಪೌಡರಿನ ತಿಳಿನೀರು. ಆದರೆ ನಿಂಬೆ ಉಪ್ಪಾಗಲಿ ಬೇರೆ ಆಸಿಡ್ಡಾಗಲಿ ಬ್ಲೀಚಿಂಗ್ ಜೊತೆ ಒಂದೇ ಬಕೆಟ್ಟಿನಲ್ಲಿ ಸೇರಲೇಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಫಿಲ್ಟರ್ ವಾರಕ್ಕೊಮ್ಮೆ, ಎಂಡ್ ಕ್ಯಾಪ್ ಬಿಚ್ಚಿ ಪೈಪು ತೊಳೆಯುವುದು ಹದಿನೈದು ದಿನಕ್ಕೊಮ್ಮೆ.

ಪೈಪಿನಲ್ಲಿ ಹಲ್ಲಿನ ಗುರುತಿನ ತೂತು ಕಂಡರೆ ಅಳಿಲು. ಅದಕ್ಕೂ ಬಾಯಾರಿಕೆ. ಮಾಳಿಗೆಯ ಇನ್ನೊಂದು ಮೂಲೆಗೆ ಅಗಲ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟರೆ ಪೈಪು ಕಡಿಯುವುದು ಕಡಿಮೆಯಾಗುತ್ತದೆ. ಕಡಿದ ಜಾಗ ಕತ್ತರಿಸಿ 16 ಎಂಎಂ ಜಾಯಿನರ್ ಹಾಕಿ. ಟೇಪ್ ಸುತ್ತಿದರೆ ಬಿಸಿಲಿಗೆ ಬಿಚ್ಚುತ್ತದೆ.

ಎಲೆಯ ಹಿಂದೆ ಸಣ್ಣ ಬಲೆ, ಮೇಲೆ ಹಳದಿ ಚುಕ್ಕೆ ಇದ್ದರೆ ಕೆಂಪು ನುಸಿ. ಒಣ ಬಿಸಿಲೇ ಅದಕ್ಕೆ ಹಬ್ಬ. ಮೂರು ದಿನ ಬೆಳಿಗ್ಗೆ ಎಲೆಯ ಹಿಂಬದಿಗೆ ಜೋರಾಗಿ ನೀರು ಹೊಡೆಯಿರಿ. ಗಂಧಕದ ಪುಡಿ ಸಿಂಪಡಿಸಲು ಹೇಳುವವರಿದ್ದಾರೆ. 35 ಡಿಗ್ರಿ ಮೇಲಿನ ಬಿಸಿಲಲ್ಲಿ ಅದು ಎಲೆಯನ್ನೇ ಸುಡುತ್ತದೆ, ಇಲ್ಲಿನ ಬೇಸಿಗೆಗೆ ಹೊಂದುವುದಿಲ್ಲ. ಬಳ್ಳಾರಿ, ಸಂಡೂರು ಕಡೆ ಅದಿರಿನ ಕೆಂಪು ದೂಳು ಎಲೆ ಮುಚ್ಚುವ ಊರುಗಳಿಗೂ ಈ ಬೆಳಗಿನ ತೊಳೆತವೇ ಗತಿ.

ಯಾವ ಗಿಡ

ಟೊಮೇಟೊ, ಡೊಣ್ಣ ಮೆಣಸಿನಕಾಯಿಯನ್ನು ಬೇಸಿಗೆಗೆ ಹಟ ಹಿಡಿದು ಬೆಳೆಯುವುದು ವ್ಯರ್ಥ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಣಿಯದಿದ್ದರೆ ಪರಾಗ ಕೆಲಸ ಮಾಡುವುದಿಲ್ಲ, ಹೂವು ಉದುರುತ್ತದೆ. ಯಾವ ಟಾನಿಕ್ ಹಾಕಿದರೂ ಅಷ್ಟೇ. ಅವನ್ನು ಆಗಸ್ಟ್–ಸೆಪ್ಟೆಂಬರಿಗೆ ಇಡಿ. ಬೇಸಿಗೆಗೆ ಬೆಂಡೆ, ಚವಳಿಕಾಯಿ (ಗೋರಿಕಾಯಿ), ಅಲಸಂದಿ, ಹೀರೆ, ರಾಜಗಿರಿ, ಪುಂಡಿ, ಬಸಳೆ. ನೀರು ಸವಳಾಗಿದ್ದರೆ ಚವಳಿಕಾಯಿ ಮತ್ತು ಅಲಸಂದಿ ತಡೆಯುತ್ತವೆ. ಬೀನ್ಸ್ ಮೊದಲು ಸೋಲುತ್ತದೆ, ಬೆಂಡೆಯೂ ಉಪ್ಪಿಗೆ ಸೂಕ್ಷ್ಮವೇ.

ಮಿರಗದ (ಮೃಗಶಿರಾ) ಮಳೆ ಹಿಡಿದ ಮೇಲೆ

ಮೋಡ ನಿಂತರೆ ನೆಟ್ಟಿನಡಿ ಬೆಳಕು ಸಾಲದು, ಬೆಂಡೆ ಎತ್ತರಕ್ಕೆ ಹೋಗಿ ಕಾಯಿ ಕಡಿಮೆ ಬಿಡುತ್ತದೆ. ಒಂದು ಬದಿಯ ಗಂಟು ಬಿಚ್ಚಿ ನೆಟ್ಟನ್ನು ಸುತ್ತಿ ಕಟ್ಟಿ. ಮಾಳಿಗೆಯ ಹತ್ತು ಚದರ ಮೀಟರಿಗೆ 10 ಮಿಲಿಮೀಟರ್ ಮಳೆ ಬಿದ್ದರೆ ನೂರು ಲೀಟರ್, ಅರ್ಧ ಡ್ರಮ್. ದೂಳು, ಸುಣ್ಣ ತೊಳೆದು ಬರುವ ಮೊದಲೆರಡು ಮಳೆಯ ನೀರು ಹರಿದುಹೋಗಲಿ, ಮೂರನೆಯದರಿಂದ ಬಟ್ಟೆಯಲ್ಲಿ ಸೋಸಿ ಡ್ರಮ್ಮಿಗೆ ಹಿಡಿಯಿರಿ. ಆ ನೀರಿನಿಂದ ಬೇಸಿಗೆಯಲ್ಲಿ ಹೆಚ್ಚು ಉಪ್ಪು ಕಟ್ಟಿದ ಚೀಲಗಳನ್ನು ಮೊದಲು ತೊಳೆಯಿರಿ. ತಳದಿಂದ ಬರುವ ನೀರಿನ ಮೀಟರ್ 600ರ ಕೆಳಗಿಳಿದ ಮೇಲೆ ಟೊಮೇಟೊ, ಮೆಣಸಿನ ಸಸಿ ನಾಟಿಗೆ ಚೀಲ ಸಿದ್ಧ.